ಒಂದು ವಿಮಾನ ನಿಲ್ದಾಣ, ಎರಡು ಅಡಿಗಲ್ಲು

2023ರ ಸೆಪ್ಟೆಂಬರಿನಲ್ಲಿ ದೆಹಲಿಯ ಜಿ20 ಸಭೆ ಭಾರತ–ಮಧ್ಯಪ್ರಾಚ್ಯ–ಯುರೋಪ್ ಕಾರಿಡಾರ್ ಘೋಷಿಸಿದಾಗ ವಿಶಾಖಪಟ್ಟಣದ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಚೀನಾಕ್ಕೆ ನಮ್ಮ ಉತ್ತರವಂತೆ. ಸಂತೋಷ. ಆದರೆ ಅದರ ಬೆನ್ನಿಗೇ ಬರುವ ಇನ್ನೊಂದು ಮಾತಿಗೆ ನನ್ನ ತಕರಾರಿದೆ: ‘ಚೀನಾದಲ್ಲಿ ರೈತರು ಅಡ್ಡ ಬರಲ್ಲ, ನಮಗೆ ಪ್ರಜಾಪ್ರಭುತ್ವವೇ ತೊಡಕು.’

ಹೀಗೆನ್ನುವವರು ಒಮ್ಮೆ ರೈಲು ಹತ್ತಿ ವಿಜಯವಾಡಕ್ಕೆ ಹೋಗಿ, ಕೃಷ್ಣಾ ನದಿ ದಾಟಿ ಅಮರಾವತಿಯ ಹಳ್ಳಿಗಳನ್ನು ನೋಡಿ ಬರಲಿ. ರಾಜಧಾನಿಗೆಂದು ಅಲ್ಲಿನ ರೈತರು 30 ಸಾವಿರಕ್ಕೂ ಹೆಚ್ಚು ಎಕರೆ ಕೊಟ್ಟರು. ಎಲ್ಲರೂ ಮನಸಾರೆ ಕೊಟ್ಟರು ಎನ್ನಲಾರೆ, ಆದರೆ ಕೊಟ್ಟರು. ವರ್ಷಕ್ಕಿಷ್ಟು ಹಣ, ಮುಂದೆ ಒಂದು ನಿವೇಶನ ಎಂಬ ಸರ್ಕಾರದ ಮಾತನ್ನು ನಂಬಿ. 2019ರಲ್ಲಿ ಸರ್ಕಾರ ಬದಲಾಯಿತು. ಸಿಂಗಪುರದ ಕಂಪನಿಗಳ ಜೊತೆಗಿನ ಒಪ್ಪಂದ ರದ್ದು, ವಿಶ್ವಬ್ಯಾಂಕಿನ ಸಾಲ ಕೈತಪ್ಪಿತು, ರಾಜಧಾನಿ ಒಂದಲ್ಲ ಮೂರು ಎಂದರು. ಭೂಮಿ ಕೊಟ್ಟ ರೈತರು ನಾಲ್ಕು ವರ್ಷಕ್ಕೂ ಮೀರಿ ಧರಣಿ ಕೂತರು. ಕಟ್ಟಬೇಡಿ ಎಂದಲ್ಲ ಸ್ವಾಮಿ, ಕಟ್ಟಿ ಎಂದು! ಮತ್ತೆ ಸರ್ಕಾರ ಬದಲಾಗಿ, 2024ರ ಡಿಸೆಂಬರಿನಲ್ಲಿ ಅದೇ ವಿಶ್ವಬ್ಯಾಂಕ್ 80 ಕೋಟಿ ಡಾಲರ್ ಮಂಜೂರು ಮಾಡಿತು.

ಅದೇ 2019ರಲ್ಲಿ ಹೊಸ ಸರ್ಕಾರ ಸೌರ ಮತ್ತು ಪವನ ವಿದ್ಯುತ್ತಿನ ಹಳೆಯ ಒಪ್ಪಂದಗಳನ್ನು ಮತ್ತೆ ತೆರೆಯಹೊರಟಾಗ ಜಪಾನಿನ ರಾಯಭಾರಿಯೇ ಪತ್ರ ಬರೆದು ಆತಂಕ ಹೇಳಬೇಕಾಯಿತು. ಹಿಂದಿನವರು ತಿಂದಿದ್ದರೆ ಸುಮ್ಮನಿರಬೇಕೇ ಎಂದು ಕೇಳುತ್ತೀರಿ. ಬೇಡ. ತನಿಖೆ ಮಾಡಿ, ತಿಂದವರನ್ನು ಒಳಗೆ ಹಾಕಿ. ಆದರೆ ಸಹಿ ಹಾಕಿದ್ದು ಪಕ್ಷವಲ್ಲ, ರಾಜ್ಯ. (ಆಂಧ್ರದವರನ್ನು ಆಡಿಕೊಳ್ಳುವ ಮುನ್ನ, 1997ರಲ್ಲಿ ಒಪ್ಪಂದವಾದ ನಮ್ಮ ನೈಸ್ ರಸ್ತೆ ಇನ್ನೂ ಮೈಸೂರು ಮುಟ್ಟಿಲ್ಲ ಎಂಬುದು ನೆನಪಿರಲಿ.)

ವಿಶಾಖಪಟ್ಟಣದ ಹತ್ತಿರದ ಭೋಗಾಪುರಂ ವಿಮಾನ ನಿಲ್ದಾಣಕ್ಕೆ 2019ರ ಫೆಬ್ರವರಿಯಲ್ಲಿ ಒಬ್ಬ ಮುಖ್ಯಮಂತ್ರಿ ಅಡಿಗಲ್ಲು ಹಾಕಿದರು, 2023ರ ಮೇ ತಿಂಗಳಲ್ಲಿ ಇನ್ನೊಬ್ಬರು. ಎರಡನೆಯದಕ್ಕೂ ಪೂಜೆ, ತೆಂಗಿನಕಾಯಿ, ಪೂರ್ಣಪುಟದ ಜಾಹೀರಾತು.

ಇನ್ನು ರೈಲು. ಹೈಫಾದ ತನಕ ಸರಕು ಸಾಗಿಸುವ ಕನಸು ಕಾಣುವ ದೇಶ ವಿಶಾಖಪಟ್ಟಣಕ್ಕೊಂದು ರೈಲ್ವೆ ವಲಯವನ್ನು ಘೋಷಿಸಿದ್ದು 2019ರ ಫೆಬ್ರವರಿಯಲ್ಲಿ. ಅದರ ಕಚೇರಿಗೆ ಅಡಿಗಲ್ಲು ಬಿದ್ದದ್ದು 2025ರ ಜನವರಿಯಲ್ಲಿ. ನಡುವಿನ ವರ್ಷಗಳಲ್ಲಿ ದೆಹಲಿ ‘ಜಾಗ ಕೊಟ್ಟಿಲ್ಲ’ ಎಂದಿತು, ರಾಜ್ಯ ‘ಕೊಟ್ಟಿದ್ದೇವಲ್ಲ’ ಎಂದಿತು. ಅದೂ ಹಳಿಗಲ್ಲ, ಬರೀ ಒಂದು ಆಫೀಸು ಕಟ್ಟಡಕ್ಕೆ. ಈ ಜಗಳದಲ್ಲಿ ಒಬ್ಬ ರೈತನೂ ಇರಲಿಲ್ಲ.