ಕಾಸು ಫುಟ್‌ಬಾಲಿಗೆ, ಅಲೆದಾಟ ಬೇಸ್‌ಬಾಲಿಗೆ

ಅಮೆರಿಕದ ಕಾಲೇಜು ಬೇಸ್‌ಬಾಲ್ ಕಟ್ಟಿಕೊಂಡು ನಮಗೇನು ಅಂತ ಸ್ಕ್ರೋಲ್ ಮಾಡಿ ಮುಂದೆ ಹೋಗಬೇಡಿ. ಟಿವಿ ಹಣ ಒಂದು ಆಟವನ್ನು ಹೇಗೆ ನುಂಗುತ್ತೆ ಅನ್ನೋದು ಇಲ್ಲಿ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತೆ.

2024ರ ಮೇ ತಿಂಗಳಲ್ಲಿ ಅರಿಜೋನಾ ರಾಜ್ಯದ ಸ್ಕಾಟ್ಸ್‌ಡೇಲ್ ಊರಲ್ಲಿ ಪ್ಯಾಕ್-12 ಕಾನ್ಫರೆನ್ಸಿನ ಬೇಸ್‌ಬಾಲ್ ಟೂರ್ನಿ ನಡೆಯಿತು. ಗೆದ್ದದ್ದು ಅರಿಜೋನಾ ವಿಶ್ವವಿದ್ಯಾಲಯ. ಆ ಹಳೆಯ ಕೂಟದ ಕೊನೆಯ ಟೂರ್ನಿ ಅದು ಅಂತ ಆಗಲೇ ಎಲ್ಲರಿಗೂ ಗೊತ್ತಿತ್ತು.

ಕಾನ್ಫರೆನ್ಸ್ ಅಂದರೆ ಒಂದು ಸೀಮೆಯ ಕಾಲೇಜುಗಳ ಕೂಟ. ತಮ್ಮತಮ್ಮಲ್ಲೇ ಆಡುತ್ತಾರೆ, ಕೊನೆಗೊಂದು ಟೂರ್ನಿ ಇಡುತ್ತಾರೆ. ಅದರಲ್ಲಿ ಗೆದ್ದವರಿಗೆ 64 ತಂಡಗಳ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ. ಪಶ್ಚಿಮ ಕರಾವಳಿಯ ಈ ಕೂಟ ಹುಟ್ಟಿದ್ದು 1915ರಲ್ಲಿ. ಒಡೆದದ್ದು ಬೇಸ್‌ಬಾಲ್ ಜಗಳದಿಂದಲ್ಲ, ಅಮೆರಿಕನ್ ಫುಟ್‌ಬಾಲಿನ ಟಿವಿ ಒಪ್ಪಂದದಿಂದ. 12ರಲ್ಲಿ 10 ಕಾಲೇಜುಗಳು ಹೆಚ್ಚು ದುಡ್ಡಿನ ಕೂಟ ಹುಡುಕಿಕೊಂಡು ಹೊರಟವು. ಹೋಗುವಾಗ ಬೇಸ್‌ಬಾಲ್ ಹುಡುಗರನ್ನೂ ಎಳೆದುಕೊಂಡು ಹೋದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯನ್ನೇ ನೋಡಿ. ಇರೋದು ಪೆಸಿಫಿಕ್ ಕಡೆ, ಸೇರಿದ್ದು 'ಅಟ್ಲಾಂಟಿಕ್ ಕೋಸ್ಟ್' ಕಾನ್ಫರೆನ್ಸಿಗೆ. ನಗಬೇಕೋ ಅಳಬೇಕೋ? 2025ರಲ್ಲಿ ಆ ಕೂಟದ ಟೂರ್ನಿ ನಡೆದದ್ದು ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ. ಹತ್ತಿರಹತ್ತಿರ 4,000 ಕಿ.ಮೀ. ದೂರ, ಗಡಿಯಾರ 3 ಗಂಟೆ ಮುಂದೆ. ಒಂದು ಪಂದ್ಯ ಸೋತರೆ ಆಟ ಮುಗೀತು, ಅಷ್ಟೇ ದೂರ ವಾಪಸ್. ಟೂರ್ನಿ ವರ್ಷಕ್ಕೊಮ್ಮೆ ಅಂತ ಬಿಡಬಹುದು. ಆದರೆ ಲೀಗ್ ಪಂದ್ಯಗಳೂ ಹಾಗೇ. ಶುಕ್ರ, ಶನಿ, ಭಾನುವಾರ ದೇಶದ ಆ ತುದಿಯಲ್ಲಿ ಮೂರು ಪಂದ್ಯ, ಸೋಮವಾರ ಈ ತುದಿಯಲ್ಲಿ ತರಗತಿ.

ಇಷ್ಟೆಲ್ಲ ಮಾಡಿ ಬಂದ ಲಾಭವಾದರೂ ಪೂರ್ತಿಯೇ? ಅದೂ ಇಲ್ಲ. ಮೊದಲ 7 ವರ್ಷ ಇವೆರಡು ಕಾಲೇಜಿಗೆ ಟಿವಿ ಹಣದಲ್ಲಿ ಸಿಗೋದು ಪೂರ್ಣ ಪಾಲಿನ ಸುಮಾರು ಶೇ. 30 ಮಾತ್ರ.

ಈ ಅಲೆದಾಟ ಹೊತ್ತವರ ಕೈಗೆ ಸಿಕ್ಕಿದ್ದೆಷ್ಟು? ಆ ವರ್ಷದವರೆಗೂ ಒಂದು ಬೇಸ್‌ಬಾಲ್ ತಂಡಕ್ಕೆ ಇದ್ದ ಮಿತಿ 11.7 ವಿದ್ಯಾರ್ಥಿವೇತನ. ಹೌದು, ಪಾಯಿಂಟ್ ಏಳು! ಅದನ್ನು ಹಲವು ಹುಡುಗರಿಗೆ ಹಂಚಬಹುದಿತ್ತು. ಅಂದರೆ ಹೆಚ್ಚಿನವರು ಫೀಸಿನಲ್ಲಿ ಒಂದು ಪಾಲು ತಾವೇ ಕಟ್ಟಿಕೊಂಡು ಆಡಿದವರು.

"ಆರೆಗಾನ್ ಸ್ಟೇಟ್ ಕೂಟವೇ ಇಲ್ಲದೆ ಆಡಿ ಗೆಲ್ಲಲಿಲ್ಲವೇ?" ಅಂತ ಕೆಲವರು ವಾದ ಮಾಡುತ್ತಾರೆ. ನಿಜ, 2025ರಲ್ಲಿ ಆ ತಂಡ ಒಂಟಿಯಾಗಿ ಆಡಿ ಒಮಾಹಾದ ಕಾಲೇಜ್ ವರ್ಲ್ಡ್ ಸೀರೀಸ್‌ವರೆಗೂ ಹೋಯಿತು. ಆದರೆ ಅದು 2006, 2007, 2018ರಲ್ಲಿ ಚಾಂಪಿಯನ್ ಆದ ತಂಡ. ಕೂಟ ಇಲ್ಲದಿದ್ದರೂ ಆಯ್ಕೆ ಸಮಿತಿ ಅದನ್ನು ಕರೆಯುತ್ತೆ. ಹೆಸರಿಲ್ಲದ ಸಣ್ಣ ಕಾಲೇಜನ್ನು ಯಾರು ಕರೀತಾರೆ? ಅವರಿಗೆ ಇರೋ ಬಾಗಿಲು ಕಾನ್ಫರೆನ್ಸ್ ಟೂರ್ನಿ ಒಂದೇ.

ಫುಟ್‌ಬಾಲ್ ಹೋದ ಕಡೆಯೇ ಬೇಸ್‌ಬಾಲೂ ಹೋಗಬೇಕು ಅನ್ನೋ ಮಾತು ಸುಳ್ಳು. ಹಿಂದೆ ಉಳಿದ ಇನ್ನೊಂದು ಕಾಲೇಜು ವಾಷಿಂಗ್ಟನ್ ಸ್ಟೇಟ್. ಅದು 2025ರಲ್ಲಿ ಬೇಸ್‌ಬಾಲ್ ತಂಡವನ್ನು ಪಶ್ಚಿಮದ್ದೇ ಆದ ಮೌಂಟನ್ ವೆಸ್ಟ್ ಕೂಟದಲ್ಲಿ ಆಡಿಸಿತು. ಹೊರಟುಹೋದವರೂ ಫುಟ್‌ಬಾಲನ್ನು ಎಲ್ಲಿ ಬೇಕಾದರೂ ಆಡಿಕೊಳ್ಳಲಿ, ಬೇಸ್‌ಬಾಲ್ ಹುಡುಗರನ್ನು ಅವರ ಸೀಮೆಗೆ ವಾಪಸ್ ಕಳಿಸಲಿ.