ಊರು ಬಿಟ್ಟ ಮೈಯ ಲೆಕ್ಕ

ಯುಗಾದಿಗೆ ಬೀರೂರು ಜಂಕ್ಷನ್ನಿನಲ್ಲಿ ಇಳಿಯುವ ಹುಡುಗರಿಗೆ ಊರಿನ ಹಿರಿಯರು ಹೇಳುವುದು ಹೀಗೆ: ‘ಬೆಂಗಳೂರು ನೀರು ಹಿಡಿಸೈತೆ ಕಣೋ, ಮೈ ತುಂಬ್ಕೊಂಡಿದೀಯ.’ ಹೊಟ್ಟೆ ಬಂದರೆ ಬದುಕು ಕಂಡುಕೊಂಡ ಎಂದೇ ಲೆಕ್ಕ.

ಇನ್ನೊಂದು ಲೆಕ್ಕವೂ ಇದೆ. 2005ರಿಂದ 2007ರವರೆಗೆ ದೇಶದ ನಾಲ್ಕು ಕಾರ್ಖಾನೆಗಳಲ್ಲಿ ‘ಇಂಡಿಯನ್ ಮೈಗ್ರೇಷನ್ ಸ್ಟಡಿ’ ನಡೆಯಿತು. ಬೆಂಗಳೂರಿನ ಎಚ್‌ಎಂಟಿ ಅದರಲ್ಲೊಂದು. ಹಳ್ಳಿಯಿಂದ ಬಂದ ಕೆಲಸಗಾರರ ಜತೆಗೆ, ಹಳ್ಳಿಯಲ್ಲೇ ಉಳಿದ ಅವರ ಒಡಹುಟ್ಟಿದವರನ್ನೂ ಸಂಶೋಧಕರು ಪರೀಕ್ಷಿಸಿದರು. ಹಳ್ಳಿಯ ಗಂಡಸರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ ಸಕ್ಕರೆ ಕಾಯಿಲೆ. ವಲಸೆ ಬಂದವರಲ್ಲಿ 14. ನಗರದಲ್ಲೇ ಬೆಳೆದವರಿಗೆ ಇವರು ಸರಿಸಮ! ಮೈಯ ಕೊಬ್ಬು ಹೆಚ್ಚಿದ್ದು ಬಹುಪಾಲು ಮೊದಲ ಹತ್ತು ವರ್ಷಗಳಲ್ಲಿ. ರಕ್ತದೊತ್ತಡ ಆಮೇಲೂ ಏರುತ್ತಲೇ ಹೋಗಿತ್ತು.

ತಪ್ಪನ್ನೆಲ್ಲ ಪೇಟೆಯ ಊಟದ ಮೇಲೆ ಹೊರಿಸುವುದು ಸುಲಭ. ಆದರೆ ಮುದ್ದೆ, ಸೊಪ್ಪಿನ ಸಾರು ಬೆಂಗಳೂರಿನಲ್ಲೂ ಸಿಗುತ್ತದೆ. ಸಿಗದಿರುವುದು ಅದನ್ನು ಅರಗಿಸುವ ದುಡಿಮೆ. ಈರುಳ್ಳಿ ಕೀಳುತ್ತಿದ್ದ, ತೋಟಕ್ಕೆ ನೀರು ಕಟ್ಟುತ್ತಿದ್ದ ಮೈ ಈಗ ಕ್ಯಾಬ್‌ನ ಸೀಟಿನಲ್ಲೋ ಕಂಪ್ಯೂಟರ್ ಮುಂದೆಯೋ ಹನ್ನೆರಡು ಗಂಟೆ ಕೂರುತ್ತದೆ.

ದುಡಿಮೆಯಷ್ಟೇ ಅಲ್ಲ, ಜನವೂ ದೂರವಾಗುತ್ತಾರೆ. ಕ್ಯಾಲಿಫೋರ್ನಿಯಾದ ಜಪಾನಿ ಮೂಲದವರ ಬಗ್ಗೆ ಮೈಕೆಲ್ ಮಾರ್ಮಟ್ ಮತ್ತು ಲಿಯೊನಾರ್ಡ್ ಸೈಮ್ 1976ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಪರಿಣಾಮವನ್ನು ತೋರಿಸಿತು. ತಮ್ಮವರ ಒಡನಾಟ, ರೀತಿನೀತಿ ಉಳಿಸಿಕೊಂಡವರಲ್ಲಿ ಹೃದ್ರೋಗ ಜಪಾನಿನಷ್ಟೇ ಕಡಿಮೆ. ಪೂರ್ತಿ ಅಮೆರಿಕದವರಾದವರಲ್ಲಿ ಅದರ ಮೂರರಿಂದ ಐದು ಪಟ್ಟು. ಆಹಾರ, ಸಿಗರೇಟು, ರಕ್ತದೊತ್ತಡಗಳನ್ನು ಲೆಕ್ಕಕ್ಕೆ ಹಿಡಿದರೂ ಈ ಅಂತರ ಅಳಿಯಲಿಲ್ಲ.

ಹಾಗೆಂದು ಊರಿಗೆ ಮರಳಿ ಎನ್ನಲಾಗದು. ಮಳೆ ಕೈಕೊಟ್ಟ ಹೊಲ ಸಂಬಳ ಕೊಡುವುದಿಲ್ಲ. ಊರಲ್ಲೂ ಈಗ ಹೊಲಕ್ಕೆ ಬೈಕಿನಲ್ಲೇ ಹೋಗುತ್ತಾರೆ. ಹೊಸ ಊರಿಗೆ ಹೊಂದಿಕೊಳ್ಳುವುದು ರೋಗವೇನಲ್ಲ. ಒಂಟಿಯಾಗಿ, ಕೂತಲ್ಲೇ ಕೂತು ಹೊಂದಿಕೊಳ್ಳಬೇಕಾಗಿ ಬಂದಿರುವುದು ಅಪಾಯ.

ನಮ್ಮ ಆರೋಗ್ಯ ವ್ಯವಸ್ಥೆ ಎಡವುವುದೂ ಇಲ್ಲೇ. ಸರ್ಕಾರದ ಸಕ್ಕರೆ ಕಾಯಿಲೆ, ರಕ್ತದೊತ್ತಡ ತಪಾಸಣೆ ಶುರುವಾಗುವುದು 30 ವರ್ಷದಿಂದ. ಇಪ್ಪತ್ತಕ್ಕೆ ರೈಲು ಹತ್ತಿದವನ ಅಪಾಯದ ದಶಕ ಅಷ್ಟರಲ್ಲಿ ಮುಗಿದಿರುತ್ತದೆ. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಗೂ ಅವನು ಊರಲ್ಲಿ ಸಿಗುವುದಿಲ್ಲ, ಪಿಜಿಯಲ್ಲೂ ಸಿಗುವುದಿಲ್ಲ.

ಸಿಗುವುದು ಹಬ್ಬಕ್ಕೆ. ಹಾಗಾಗಿ ಯುಗಾದಿ, ದೀಪಾವಳಿಯ ವಾರ ಬೀರೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ವಯಸ್ಸು ನೋಡದೆ ಬಿಪಿ, ಸಕ್ಕರೆ, ಸೊಂಟದ ಸುತ್ತಳತೆ ಪರೀಕ್ಷಿಸಲಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆ ಹೇಳಲಿ. ಬೆಂಗಳೂರಿನಲ್ಲಿರುವ ಊರಿನವರ ಸಂಘಗಳು ವರ್ಷಕ್ಕೊಮ್ಮೆ ಸನ್ಮಾನ ಮಾಡಿ ಹೋಳಿಗೆ ಬಡಿಸಿದರೆ ಸಾಲದು, ವಾರಕ್ಕೊಮ್ಮೆ ಕಬಡ್ಡಿಯನ್ನೂ ಆಡಿಸಲಿ. ದುಡಿಮೆ, ಜನ ಎರಡೂ ಒಂದೇ ಅಂಗಳದಲ್ಲಿ ಸಿಗುತ್ತವೆ, ಖರ್ಚೂ ಕಡಿಮೆ.