ಲೈಫ್‌ಟೈಮ್ ವಾರಂಟಿ ಯಾರ ಲೈಫಿನದು? ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರಿಗೆ ಅಡ್ವಾನ್ಸ್ ಕೊಡೋ ಮುಂಚೆ ಹಾಕಬೇಕಾದ ಲೆಕ್ಕ

ಮಾಲೇಕಲ್ಲು (ಅರಸೀಕೆರೆ): ಹಸಿರು ನಂಬರ್ ಪ್ಲೇಟಿನ ಕಾರು ಈಗ ಬೆಂಗಳೂರಿನವರದ್ದು ಮಾತ್ರ ಅಲ್ಲ. ಮಾಲೇಕಲ್ಲು ತಿರುಪತಿ ಬೆಟ್ಟದ ಬುಡದಲ್ಲಿ, ಅರಸೀಕೆರೆ ಪೇಟೆಯಲ್ಲಿ, ಹಳೇಬೀಡು-ಬೇಲೂರು ರಸ್ತೆಯಲ್ಲಿ ಎಲ್ಲಾ ಕಡೆ ಕಾಣಿಸುತ್ತವೆ. ಹೊಸದು ಕೊಳ್ಳೋಕೆ ಲಕ್ಷಗಟ್ಟಲೆ ದುಡ್ಡು ಬೇಕು. ಅದೇ ನಾಲ್ಕೈದು ವರ್ಷ ಓಡಿದ ಕಾರು ಅರ್ಧ ಬೆಲೆಗೆ ಸಿಗುತ್ತೆ ಅಂದರೆ ಅಂಗಡಿಯವರಿಗೂ, ಟ್ಯಾಕ್ಸಿ ಓಡಿಸೋರಿಗೂ ಆಸೆ ಹುಟ್ಟೋದು ಸಹಜ. ಪೆಟ್ರೋಲ್ ಖರ್ಚು ಇಲ್ಲ, ಮನೆ ಮುಂದೆ ಚಾರ್ಜ್ ಹಾಕಿಕೊಳ್ಳಬಹುದು.

ಏಜೆಂಟರ ಬಾಯಲ್ಲಿ ಬರೋ ಮಾತು ಒಂದೇ: "ಬ್ಯಾಟರಿಗೆ ವಾರಂಟಿ ಇದೆ, ತಲೆ ಕೆಡಿಸ್ಕೋಬೇಡಿ." ಈ ಮಾತು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ವಾರಂಟಿ ಇದೆಯಾ ಅಂತ ಕೇಳಿದರೆ ಸಾಲದು. ಯಾರ ಹೆಸರಿಗೆ ಇದೆ, ಇನ್ನೆಷ್ಟು ಉಳಿದಿದೆ, ಯಾವ ಷರತ್ತಿನ ಮೇಲೆ ಇದೆ ಅಂತ ಕೇಳಬೇಕು. ಈ ಮೂರಕ್ಕೆ ಕಾಗದದಲ್ಲಿ ಉತ್ತರ ಸಿಗದಿದ್ದರೆ ಅದು ಅಗ್ಗದ ಕಾರಲ್ಲ.

ಬ್ಯಾಟರಿ ಅಂದರೆ ಅರ್ಧ ಕಾರು

ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಕೆಟ್ಟರೆ ಅರಸೀಕೆರೆಯಲ್ಲೇ ಬಿಚ್ಚಿ ರಿಪೇರಿ ಮಾಡೋ ಮೆಕ್ಯಾನಿಕ್‌ಗಳಿದ್ದಾರೆ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ಆ ದಾರಿ ಇಲ್ಲ. ಅದು ಕಾರಿನ ತಳದಲ್ಲಿ ಸೀಲ್ ಆಗಿರೋ ದೊಡ್ಡ ಪೆಟ್ಟಿಗೆ. ಹೊಸ ಕಾರಿನ ಬೆಲೆಯಲ್ಲಿ ಸುಮಾರು ಮೂರನೇ ಒಂದು ಪಾಲು ಅದರದ್ದೇ. ಅಧಿಕೃತ ಸರ್ವಿಸ್ ಸೆಂಟರ್ ಬಿಟ್ಟು ಬೇರೆಯವರು ಅದನ್ನು ಬಿಚ್ಚಿದರೆ ವಾರಂಟಿಯೇ ಹೋಗುತ್ತೆ. ಹಾಗಾಗಿ ವಾರಂಟಿ ಮುಗಿದ ಮೇಲೆ ಬ್ಯಾಟರಿ ಕೈಕೊಟ್ಟರೆ, ಅದನ್ನು ಬದಲಾಯಿಸೋ ಖರ್ಚು ಹಳೇ ಕಾರಿಗೆ ಕೊಟ್ಟ ದುಡ್ಡಿನ ಹತ್ತಿರಕ್ಕೇ ಬರಬಹುದು.

ಕರ್ನಾಟಕಕ್ಕೆ ಇದು ಹೊಸ ಪಾಠ ಏನಲ್ಲ. 2001ರಲ್ಲಿ ಬೆಂಗಳೂರಿನಲ್ಲೇ ರೇವಾ ಅನ್ನೋ ಪುಟ್ಟ ಎಲೆಕ್ಟ್ರಿಕ್ ಕಾರು ಮಾರುಕಟ್ಟೆಗೆ ಬಂತು. ಅದರಲ್ಲಿದ್ದದ್ದು ಎಂಟು ಲೆಡ್-ಆಸಿಡ್ ಬ್ಯಾಟರಿಗಳು. ಕೆಲವೇ ವರ್ಷಕ್ಕೆ ಅವು ಸೊರಗುತ್ತಿದ್ದವು, ಇಡೀ ಸೆಟ್ ಬದಲಾಯಿಸಬೇಕಾಗುತ್ತಿತ್ತು. ಹಳೇ ರೇವಾ ಅಗ್ಗಕ್ಕೆ ಕೊಂಡವರಿಗೆ ಕಾರಿಗಿಂತ ಬ್ಯಾಟರಿಯ ಲೆಕ್ಕವೇ ದೊಡ್ಡದಾಯಿತು. 2010ರಲ್ಲಿ ಮಹೀಂದ್ರ ಆ ಕಂಪನಿಯನ್ನು ಕೊಂಡಿತು. ಈಗಿನ ಲಿಥಿಯಂ ಬ್ಯಾಟರಿಗಳು ಅದಕ್ಕಿಂತ ಎಷ್ಟೋ ಪಾಲು ಗಟ್ಟಿ. ಆದರೆ ಕಾರಿನ ಬೆಲೆ ನಿಲ್ಲೋದು ಬ್ಯಾಟರಿ ಮೇಲೆ ಅನ್ನೋದು ಇವತ್ತಿಗೂ ಬದಲಾಗಿಲ್ಲ.

'ಲೈಫ್‌ಟೈಮ್' ಕಾರಿನದಲ್ಲ, ಮೊದಲ ಮಾಲೀಕರದು

ಈಚೆಗೆ ಜಾಹೀರಾತಿನಲ್ಲಿ 'ಲೈಫ್‌ಟೈಮ್ ಬ್ಯಾಟರಿ ವಾರಂಟಿ' ಅಂತ ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇರೋದು 'ಮೊದಲ ಮಾಲೀಕರಿಗೆ ಮಾತ್ರ'. 2024ರ ಸೆಪ್ಟೆಂಬರ್‌ನಲ್ಲಿ ಬಂದ ಎಂಜಿ ವಿಂಡ್ಸರ್ ಕಾರಿಗೆ ಮೊದಲ ಮಾಲೀಕರ ಕೈಯಲ್ಲಿ ಇರೋವರೆಗೆ ಲೈಫ್‌ಟೈಮ್ ವಾರಂಟಿ. ಆರ್‌ಸಿಯಲ್ಲಿ ಹೆಸರು ಬದಲಾದ ಕೂಡಲೇ ಅದು 8 ವರ್ಷ ಅಥವಾ 1.6 ಲಕ್ಷ ಕಿ.ಮೀ.ಗೆ ಇಳಿಯುತ್ತೆ. 2024ರ ನವೆಂಬರ್‌ನಲ್ಲಿ ಬಂದ ಮಹೀಂದ್ರ ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳಿಗೂ ಇದೇ ಕಥೆ. ಮಾಲೀಕರು ಬದಲಾದರೆ 10 ವರ್ಷ ಅಥವಾ 2 ಲಕ್ಷ ಕಿ.ಮೀ. ಟಾಟಾ ಕಂಪನಿ 2025ರಲ್ಲಿ ಹ್ಯಾರಿಯರ್ ಇವಿಗೆ ಕೊಟ್ಟ ಲೈಫ್‌ಟೈಮ್ ವಾರಂಟಿ ಕೂಡ ಖಾಸಗಿ ನೋಂದಣಿಯ ಮೊದಲ ಮಾಲೀಕರಿಗೆ ಅಂತಲೇ ಇದೆ.

ಎರಡನೇ ಮಾಲೀಕರಿಗೆ ಸಿಗೋ 8 ವರ್ಷವೂ ಅವರು ಕೊಂಡ ದಿನದಿಂದ ಶುರುವಾಗಲ್ಲ. ಕಾರು ಹೊಸದಾಗಿ ಮಾರಾಟ ಆದ ದಿನದಿಂದಲೇ ಗಡಿಯಾರ ಓಡುತ್ತಿರುತ್ತೆ. ಉಳಿದದ್ದು ಮಾತ್ರ ನಮ್ಮದು.

ಇಎಂಐ ಐದು ವರ್ಷ, ವಾರಂಟಿ ಮೂರೇ ವರ್ಷ

ನಮ್ಮ ಭಾಗದಲ್ಲಿ ಹೆಚ್ಚು ಸಿಗೋದು ಇನ್ನೂ ಹಳೇ ಮಾದರಿಯ ಕಾರುಗಳು. ಟಾಟಾ ನೆಕ್ಸಾನ್ ಇವಿ 2020ರ ಜನವರಿಯಲ್ಲಿ ಬಂತು. ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲು ಮುಗಿಯುತ್ತೋ ಅದು. 2022ರಲ್ಲಿ ಬಂದ ಟಿಯಾಗೋ ಇವಿಗೂ ಇದೇ ಲೆಕ್ಕ. ಎಂಜಿ ಕಾಮೆಟ್‌ಗೆ 8 ವರ್ಷ ಅಥವಾ 1.2 ಲಕ್ಷ ಕಿ.ಮೀ.

ಒಂದು ಉದಾಹರಣೆ ಹಾಕಿ ನೋಡಬಹುದು. 2021ರ ಜೂನ್‌ನಲ್ಲಿ ನೋಂದಣಿಯಾದ ಕಾರನ್ನು 2026ರ ಜೂನ್‌ನಲ್ಲಿ ಕೊಂಡರು ಅಂತ ಇಟ್ಟುಕೊಳ್ಳಿ. ಬ್ಯಾಟರಿ ವಾರಂಟಿ ಮುಗಿಯೋದು 2029ರ ಜೂನ್‌ಗೆ. ಸಾಲ ಮಾಡಿದ್ದು ಐದು ವರ್ಷಕ್ಕಾದರೆ ಕಂತು ಮುಗಿಯೋದು 2031ಕ್ಕೆ. ಕೊನೇ ಎರಡು ವರ್ಷ ಕಂತು ಇರುತ್ತೆ, ವಾರಂಟಿ ಇರಲ್ಲ. ಬ್ಯಾಟರಿ ಕೆಟ್ಟು ಕಾರು ನಿಂತರೂ ಬ್ಯಾಂಕಿನವರು ಕೇಳೋದು ನಿಲ್ಲಿಸಲ್ಲ.

ಇನ್ನು ಕಿಲೋಮೀಟರ್ ಲೆಕ್ಕ. ಅದೇ ಕಾರು 1.2 ಲಕ್ಷ ಕಿ.ಮೀ. ಓಡಿದ್ದರೆ ಉಳಿದಿರೋದು 40,000 ಮಾತ್ರ. ಅರಸೀಕೆರೆಯಿಂದ ಬಾಣಾವರ, ಜಾವಗಲ್ ಮೇಲೆ ಹಳೇಬೀಡು-ಬೇಲೂರು ನೋಡಿಕೊಂಡು ವಾಪಸ್ ಬಂದರೆ ಸುಮಾರು 120 ಕಿ.ಮೀ. ಆಗುತ್ತೆ. 2023ರ ಸೆಪ್ಟೆಂಬರ್‌ನಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೋ ಪಟ್ಟಿಗೆ ಸೇರಿವೆ, ಪ್ರವಾಸಿಗರನ್ನೇ ನಂಬಿ ಕಾರು ಕೊಳ್ಳೋರು ಇದ್ದಾರೆ. ದಿನಕ್ಕೊಂದು ಟ್ರಿಪ್ ಅಂದರೆ 40,000 ಕಿ.ಮೀ. ಒಂದು ವರ್ಷದೊಳಗೇ ಖಾಲಿ. ಆರ್‌ಸಿ ಪ್ರಕಾರ ಮೂರು ವರ್ಷ ಬಾಕಿ ಇದ್ದರೂ ಮೀಟರ್ ಪ್ರಕಾರ ವಾರಂಟಿ ಮುಗಿದಿರುತ್ತೆ.

ಟ್ಯಾಕ್ಸಿ ಕಂಪನಿ ಬಿಟ್ಟ ಕಾರು

ತೀರಾ ಕಡಿಮೆ ಬೆಲೆಗೆ ಬರೋ ಕಾರುಗಳ ಹಿಂದೆ ಒಂದು ಕಥೆ ಇರುತ್ತೆ. ದೆಹಲಿ ಸುತ್ತಮುತ್ತ ಮತ್ತು ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಟ್ಯಾಕ್ಸಿ ಓಡಿಸುತ್ತಿದ್ದ ಬ್ಲೂಸ್ಮಾರ್ಟ್ 2025ರ ಏಪ್ರಿಲ್‌ನಲ್ಲಿ ಬುಕಿಂಗ್ ನಿಲ್ಲಿಸಿತು. ಅದಕ್ಕೆ ಕಾರು ಲೀಸ್‌ಗೆ ಕೊಟ್ಟಿದ್ದ ಜೆನ್ಸೋಲ್ ಕಂಪನಿ ಮೇಲೆ ಸೆಬಿ ಆದೇಶ ಹೊರಡಿಸಿತ್ತು. 6,400 ಕಾರುಗಳಿಗೆ ಅಂತ ಸಾಲ ತಂದು ಕೊಂಡಿದ್ದು 4,704 ಮಾತ್ರ ಅನ್ನೋದು ಆ ಆದೇಶದಲ್ಲಿದೆ. ಕೆಲವು ಲೀಸ್ ಕಂಪನಿಗಳು ತಮ್ಮ ಕಾರುಗಳನ್ನು ಉಳಿಸಿಕೊಳ್ಳೋಕೆ ದೆಹಲಿ ಹೈಕೋರ್ಟ್‌ಗೆ ಹೋದವು.

ಇಂಥ ಕಂಪನಿ ಮುಚ್ಚಿದಾಗ ಕಾರುಗಳು ಒಂದಲ್ಲ ಒಂದು ದಿನ ಹಳೇ ಕಾರಿನ ಮಾರುಕಟ್ಟೆಗೆ ಬರುತ್ತವೆ. ನೋಡೋಕೆ ನಾಲ್ಕು ವರ್ಷದ ಕಾರು. ಆದರೆ ನಗರದಲ್ಲಿ ದಿನಕ್ಕೆ 200 ಕಿ.ಮೀ. ಓಡಿದ ಕಾರಿಗೆ 1.6 ಲಕ್ಷ ಕಿ.ಮೀ. ತುಂಬೋಕೆ 800 ದಿನ ಸಾಕು, ಅಂದರೆ ಎರಡು ವರ್ಷ ಎರಡು ತಿಂಗಳು ಅಷ್ಟೇ. ಅದರ ಮೇಲೆ ದಿನಾ ಫಾಸ್ಟ್ ಚಾರ್ಜರ್‌ನಲ್ಲಿ ಚಾರ್ಜ್ ಆಗಿದ್ದರೆ ಬ್ಯಾಟರಿ ಬೇಗ ಸೊರಗೋ ಸಾಧ್ಯತೆ ಜಾಸ್ತಿ. ಸಾಲ ತೀರದ ಕಾರಾದರೆ ಅದು ಇನ್ನೊಂದು ತಲೆನೋವು.

ಗುರುತು ಹಿಡಿಯೋದು ಕಷ್ಟ ಏನಲ್ಲ. ಖಾಸಗಿ ಎಲೆಕ್ಟ್ರಿಕ್ ಕಾರಿಗೆ ಹಸಿರು ಬೋರ್ಡ್ ಮೇಲೆ ಬಿಳಿ ಅಕ್ಷರ, ಬಾಡಿಗೆ ಕಾರಿಗೆ ಹಸಿರು ಬೋರ್ಡ್ ಮೇಲೆ ಹಳದಿ ಅಕ್ಷರ. ಬೋರ್ಡ್ ಬದಲಾಗಿದ್ದರೂ ನೋಂದಣಿಯ ಹಳೇ ವಿವರ, ಮಾಲೀಕರ ಸರಣಿ, ಸಾಲದ ನಮೂದು ಸಾರಿಗೆ ಇಲಾಖೆ ದಾಖಲೆಯಲ್ಲಿ ಇರುತ್ತೆ.

ವಾರಂಟಿ ಇದ್ದರೂ ಕೈಗೆ ಬರದಿರೋದು ಯಾಕೆ?

ಮೊದಲನೇದು, ಬ್ಯಾಟರಿ ನಿಧಾನಕ್ಕೆ ಸೊರಗೋದು ಕೆಟ್ಟಂತೆ ಅಲ್ಲ. ಸಾಮಾನ್ಯವಾಗಿ ಬ್ಯಾಟರಿಯ ಆರೋಗ್ಯ ಶೇ 70ರ ಆಸುಪಾಸಿಗಿಂತ ಕೆಳಗೆ ಇಳಿದರೆ ಮಾತ್ರ ಕಂಪನಿ ಕ್ಲೇಮ್ ಒಪ್ಪುತ್ತೆ. ಹೊಸದರಲ್ಲಿ 200 ಕಿ.ಮೀ. ಓಡುತ್ತಿದ್ದ ಕಾರು ಈಗ 150 ಓಡುತ್ತಿದ್ದರೆ ಮಾಲೀಕರಿಗೆ ಅದು ದೋಷ, ಕಂಪನಿಗೆ ಅದು ವಯಸ್ಸು. ಅರಸೀಕೆರೆಯಿಂದ ಬೆಂಗಳೂರಿಗೆ ಸುಮಾರು 170 ಕಿ.ಮೀ. ಅಲ್ಲಿಗೆ ಒಂದೇ ಚಾರ್ಜ್‌ನಲ್ಲಿ ಹೋಗಬಹುದು ಅಂತ ನಂಬಿ ಕೊಂಡವರಿಗೆ ಈ ವ್ಯತ್ಯಾಸ ಗೊತ್ತಾಗೋದು ತಿಪಟೂರು, ತುಮಕೂರು ದಾಟಿದ ಮೇಲೆ.

ಎರಡನೇದು, ಸರ್ವಿಸ್ ದಾಖಲೆ. ಕಂಪನಿ ಹೇಳಿದ ಅವಧಿಗೆ ಅಧಿಕೃತ ಕಡೆ ಸರ್ವಿಸ್ ಮಾಡಿಸಿಲ್ಲ ಅಂದರೆ ಕ್ಲೇಮ್ ತಿರಸ್ಕರಿಸೋಕೆ ಅದೇ ಕಾರಣ ಆಗುತ್ತೆ. ಹೊರಗೆ ಲೈಟು, ಮ್ಯೂಸಿಕ್ ಸಿಸ್ಟಮ್ ಹಾಕಿಸೋಕೆ ವೈರಿಂಗ್ ಕತ್ತರಿಸಿದ್ದರೂ ಅಷ್ಟೇ. ತಪ್ಪು ಮಾಡಿದ್ದು ಮೊದಲ ಮಾಲೀಕರು, ಅನುಭವಿಸೋದು ಎರಡನೆಯವರು.

ಮೂರನೇದು, ನೀರು ಮತ್ತು ಅಪಘಾತ. ಮಳೆನೀರಲ್ಲಿ ಮುಳುಗಿದ, ತಳಕ್ಕೆ ಕಲ್ಲು ಬಡಿದ ಬ್ಯಾಟರಿ ವಾರಂಟಿಗೆ ಬರಲ್ಲ. ಅದು ಇನ್ಶೂರೆನ್ಸ್ ವಿಷಯ. ಇನ್ಶೂರೆನ್ಸ್ ಕೂಡ ಕಾರು ಕೊಂಡ 14 ದಿನದೊಳಗೆ ಹೊಸ ಮಾಲೀಕರ ಹೆಸರಿಗೆ ಅರ್ಜಿ ಹಾಕಿ ಬದಲಾಯಿಸಿಕೊಳ್ಳಬೇಕು. ಹಳೇ ಹೆಸರಲ್ಲೇ ಇದ್ದರೆ ಕ್ಲೇಮ್ ಸಮಯದಲ್ಲಿ ಕಗ್ಗಂಟು.

ನಾಲ್ಕನೇದು, ಬಾಡಿಗೆ ಬ್ಯಾಟರಿ. ಎಂಜಿ ವಿಂಡ್ಸರ್ ಬಂದಾಗ ಕಾರಿಗೆ 9.99 ಲಕ್ಷ, ಬ್ಯಾಟರಿಗೆ ಕಿ.ಮೀ.ಗೆ 3.50 ರೂಪಾಯಿ ಬಾಡಿಗೆ ಅನ್ನೋ ಯೋಜನೆ ಇತ್ತು. ಹಾಗೆ ಕೊಂಡ ಕಾರು ಸೆಕೆಂಡ್ ಹ್ಯಾಂಡ್‌ಗೆ ಬಂದರೆ ಬ್ಯಾಟರಿಯ ಬಾಕಿ ತೀರಿದೆಯಾ ಅಂತ ಹಣಕಾಸು ಕಂಪನಿಯ ಪತ್ರ ನೋಡಲೇಬೇಕು. ಬ್ಯಾಟರಿ ಮಾರುವವರದ್ದೇ ಅಲ್ಲದಿದ್ದರೆ ಅವರು ಮಾರುತ್ತಿರೋದು ಏನು?

ಡೀಲರ್ ವಾರಂಟಿ ಬೇರೆ, ಕಂಪನಿ ವಾರಂಟಿ ಬೇರೆ

ಹಳೇ ಕಾರಿನ ಶೋರೂಂಗಳು 'ಆರು ತಿಂಗಳು ವಾರಂಟಿ' ಅಂತ ಕೊಡೋದು ಅವರದ್ದೇ ಕಾಗದ. ಅದರಲ್ಲಿ ದೊಡ್ಡ ಬ್ಯಾಟರಿ ಸೇರಿದೆಯಾ ಅಂತ ಓದಬೇಕು. ಜಿಎಸ್‌ಟಿ ಬಗ್ಗೆಯೂ ಗೊಂದಲ ಇದೆ. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿ ಸಭೆ ಹಳೇ ಎಲೆಕ್ಟ್ರಿಕ್ ಕಾರಿನ ತೆರಿಗೆಯನ್ನು ಶೇ 12ರಿಂದ 18ಕ್ಕೆ ಏರಿಸಿತು. ಅದು ನೋಂದಾಯಿತ ವ್ಯಾಪಾರಿ ಮಾರಿದಾಗ, ಅವರ ಲಾಭದ ಅಂತರದ ಮೇಲೆ ಮಾತ್ರ. ಆರು ಲಕ್ಷಕ್ಕೆ ಕೊಂಡು ಏಳು ಲಕ್ಷಕ್ಕೆ ಮಾರಿದರೆ ಒಂದು ಲಕ್ಷದ ಮೇಲೆ 18,000 ರೂಪಾಯಿ. ಏಳು ಲಕ್ಷದ ಮೇಲೆ ಅಲ್ಲ. ಮನೆಯವರು ಮನೆಯವರಿಗೆ ಮಾರಿದರೆ ಈ ತೆರಿಗೆ ಇಲ್ಲ.

ಆದರೆ ತೆರಿಗೆ ಉಳಿಯೋ ಕಡೆ ರಕ್ಷಣೆಯೂ ಕಡಿಮೆ. ವ್ಯಾಪಾರಿ ಸುಳ್ಳು ಹೇಳಿ ಮಾರಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ವ್ಯಾಪಾರಿ ಅಲ್ಲದ ವ್ಯಕ್ತಿಯಿಂದ, 'ಇದ್ದ ಹಾಗೆ ಒಪ್ಪಿದ್ದೇನೆ' ಅನ್ನೋ ಪತ್ರಕ್ಕೆ ಸಹಿ ಹಾಕಿ ಕೊಂಡಿದ್ದರೆ ಆ ದಾರಿ ಕಷ್ಟ.

ಹಾಸನದಲ್ಲೇ ದೂರು ಕೊಡಬಹುದು

ಕಾರು ಬೆಂಗಳೂರಲ್ಲಿ ಕೊಂಡಿದ್ದು, ಕೇಸಿಗೆ ಅಲ್ಲಿಗೇ ಅಲೆಯಬೇಕು ಅಂತ ಸುಮ್ಮನಾಗೋರು ಜಾಸ್ತಿ. ಅದರ ಅಗತ್ಯ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಗ್ರಾಹಕರು ತಾವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಅರಸೀಕೆರೆಯವರಿಗೆ ಅದು ನಲವತ್ತು ಚಿಲ್ಲರೆ ಕಿ.ಮೀ. ದೂರದ ಹಾಸನ. 50 ಲಕ್ಷದವರೆಗಿನ ಖರೀದಿ ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ತೊಂದರೆ ಆದ ಎರಡು ವರ್ಷದೊಳಗೆ ದೂರು ಕೊಡಬೇಕು. ಮೊದಲು ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಬಹುದು. ವ್ಯಾಪಾರಕ್ಕೆ ಅಂತ ಕೊಂಡ ವಾಹನಕ್ಕೆ ಈ ಕಾಯ್ದೆ ಅನ್ವಯಿಸಲ್ಲ, ಆದರೆ ಹೊಟ್ಟೆಪಾಡಿಗೆ ತಾವೇ ಓಡಿಸೋ ಸ್ವಯಂ ಉದ್ಯೋಗಿಗಳಿಗೆ ವಿನಾಯಿತಿ ಇದೆ.

ಅಡ್ವಾನ್ಸ್ ಕೊಡೋ ಮುಂಚೆ

- ಚಾಸಿಸ್ ನಂಬರ್ ಕೊಟ್ಟು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ವಾರಂಟಿ ಶುರುವಾದ ದಿನ, ಉಳಿದ ಅವಧಿ, ಸರ್ವಿಸ್ ಇತಿಹಾಸ ಕೇಳಿ. ಬಾಯಿಮಾತು ಬೇಡ, ಮೇಲ್ ಅಥವಾ ಪ್ರಿಂಟ್ ತಗೊಳ್ಳಿ.
- ಅಲ್ಲೇ ಬ್ಯಾಟರಿ ಆರೋಗ್ಯದ ರಿಪೋರ್ಟ್ ಮಾಡಿಸಿ. ಖರ್ಚು ಆದರೂ ಪರವಾಗಿಲ್ಲ.
- ವಾರಂಟಿ ಪುಸ್ತಕದಲ್ಲಿ ಮಾಲೀಕರ ಬದಲಾವಣೆ ಮತ್ತು ಬಾಡಿಗೆ ಬಳಕೆ ಬಗ್ಗೆ ಏನಿದೆ ಅಂತ ಓದಿ.
- ಶೇ 100 ಚಾರ್ಜ್ ಮಾಡಿ ಅರಸೀಕೆರೆ-ಹಾಸನ ಹೋಗಿ ಬನ್ನಿ. ಎಷ್ಟು ಇಳಿಯಿತು ನೋಡಿ.
- ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ ಕೈಗೆ ಬರೋವರೆಗೆ ಪೂರ್ತಿ ದುಡ್ಡು ಕೊಡಬೇಡಿ.
- 29 ಮತ್ತು 30ನೇ ನಮೂನೆ ತುಂಬಿ 30 ದಿನದೊಳಗೆ ಆರ್‌ಟಿಒದಲ್ಲಿ ಹೆಸರು ಬದಲಾಯಿಸಿ, ಆಮೇಲೆ ಕಂಪನಿ ದಾಖಲೆಯಲ್ಲೂ ಬದಲಾಯಿಸಿ. ಹಳೇ ಮಾಲೀಕರ ಹೆಸರಲ್ಲೇ ಓಡಿಸಿಕೊಂಡು ಲೈಫ್‌ಟೈಮ್ ವಾರಂಟಿ ಉಳಿಸಿಕೊಳ್ಳಿ ಅನ್ನೋ ಸಲಹೆ ಕೇಳಬೇಡಿ.

ಹಳೇ ಎಲೆಕ್ಟ್ರಿಕ್ ಕಾರು ಕೊಳ್ಳೋದೇ ತಪ್ಪು ಅಂತಲ್ಲ. ಮೂರ್ನಾಲ್ಕು ವರ್ಷ ವಾರಂಟಿ ಉಳಿದ, ಒಂದೇ ಮನೆಯವರು ಓಡಿಸಿದ, ದಾಖಲೆ ಸರಿ ಇರೋ ಕಾರು ಊರೊಳಗಿನ ಓಡಾಟಕ್ಕೆ ಲಾಭವೇ. ಆದರೆ ಬೆಲೆ ಕಟ್ಟುವಾಗ ಕಾರಿಗೆ ಎಷ್ಟು ವಯಸ್ಸಾಯಿತು ಅಂತ ನೋಡೋದಕ್ಕಿಂತ ಬ್ಯಾಟರಿ ವಾರಂಟಿ ಎಷ್ಟು ಉಳಿದಿದೆ ಅಂತ ನೋಡಬೇಕು. ಕೊಬ್ಬರಿ ಮಂಡಿಯಲ್ಲಿ ಒಡೆದು ನೋಡದೆ ಯಾರೂ ರೇಟು ಹೇಳಲ್ಲ. ಬ್ಯಾಟರಿಯನ್ನು ಒಡೆದು ನೋಡೋಕೆ ಆಗಲ್ಲ, ಅದಕ್ಕೇ ಅದರ ಕಾಗದ ನೋಡಬೇಕು.